ರಿಪೋರ್ಟ್ ನಾರ್ಮಲ್, ಹೊಟ್ಟೆ ಮಾತ್ರ ಅಲ್ಲ: ಕರುಳಿನ ಉರಿಯೂತದಲ್ಲಿ ರಕ್ತಪರೀಕ್ಷೆ ಓದುವ ಬಗೆ

ಕೋಲಾರದಲ್ಲಿ ಲ್ಯಾಬ್ ಟೆಕ್ನಿಶಿಯನ್ ಆಗಿ ಸೇರಿ ನನಗೆ ಹದಿನಾಲ್ಕು ವರ್ಷ ಆಯಿತು. ಆದರೆ ರಕ್ತದ ರಿಪೋರ್ಟನ್ನು ನಿಜವಾಗಿ ಓದಲು ಕಲಿತದ್ದು ನನ್ನ ತಮ್ಮನಿಗೆ ಅಲ್ಸರೇಟಿವ್ ಕೊಲೈಟಿಸ್ ಬಂದ ಮೇಲೆ. ಶ್ರೀನಿವಾಸಪುರದ ಹತ್ತಿರ ನಮ್ಮದು ಸಣ್ಣ ಮಾವಿನ ತೋಟ. ಕಾಯಿ ಕೀಳುವ ಹೊತ್ತಿನಲ್ಲಿ ಅವನಿಗೆ ಮೋಷನ್ ಜೊತೆ ರಕ್ತ ಹೋಗಲು ಶುರುವಾಯಿತು. ತೋರಿಸಿದ ಕಡೆ ಪೈಲ್ಸ್ ಅಂದರು, ಮುಲಾಮು ಕೊಟ್ಟರು. ಎಂಟು ತಿಂಗಳು ಹಾಗೇ ಕಳೆಯಿತು. ನಡುವೆ ಒಮ್ಮೆ ಸಿಆರ್‌ಪಿ, ಅಂದರೆ ಉರಿಯೂತ ಇದೆಯಾ ಅಂತ ನೋಡುವ ರಕ್ತಪರೀಕ್ಷೆ, ಮಾಡಿಸಿದರೆ 3 ಬಂತು. "ಉರಿಯೂತ ಏನಿಲ್ಲ" ಅಂದರು. ನಾನೂ ನಂಬಿದೆ.

"ಅಕ್ಕಾ, ರಿಪೋರ್ಟ್ ನಾರ್ಮಲ್ ಅಂತಾರೆ. ಮತ್ತೆ ನಾನ್ಯಾಕೆ ರಾತ್ರಿ ಮೂರು ಸಲ ಎದ್ದು ಓಡ್ತೀನಿ?" ಅಂತ ಅವನು ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕರುಳಿನ ಉರಿಯೂತದ ಕಾಯಿಲೆಯಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರಕ್ಕೆ ಬರುತ್ತದೆ. ಕ್ರೋನ್ಸ್ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಕರುಳಿನ ಗೋಡೆಯ ಆಳಕ್ಕೂ ಇಳಿಯುತ್ತದೆ. ಹೆಸರು ಹತ್ತಿರ ಇದ್ದರೂ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಅನ್ನುವುದು ಬೇರೆ, ಅದರಲ್ಲಿ ಹುಣ್ಣು ಆಗುವುದಿಲ್ಲ. ಕೆಳಗೆ ಬರೆದದ್ದನ್ನು ಓದಿ ಮಾತ್ರೆ ಶುರು ಮಾಡುವುದು, ನಿಲ್ಲಿಸುವುದು ಬೇಡ. ಡಾಕ್ಟರ ಮುಂದೆ ಸರಿಯಾದ ಪ್ರಶ್ನೆ ಕೇಳಲು ಇದು ನೆರವಾದರೆ ಸಾಕು.

ಮೊದಲು ಇದನ್ನು ನೋಡಿ: ಈ ಲಕ್ಷಣ ಇದ್ದರೆ ಓದುತ್ತಾ ಕೂರಬೇಡಿ

ದಿನಕ್ಕೆ ಆರು ಸಲ ಅಥವಾ ಅದಕ್ಕಿಂತ ಜಾಸ್ತಿ ರಕ್ತ ಬೆರೆತ ಭೇದಿ ಆಗುತ್ತಿದೆಯಾ? ಹಾಗಿದ್ದರೆ ಇನ್ನು ನಾಲ್ಕು ವಿಷಯ ನೋಡಿ. ಜ್ವರ 37.8 ಡಿಗ್ರಿ ಸೆಲ್ಸಿಯಸ್, ಅಂದರೆ ಸುಮಾರು 100 ಫ್ಯಾರನ್‌ಹೀಟ್ ದಾಟಿದೆಯಾ. ನಾಡಿ ನಿಮಿಷಕ್ಕೆ 90 ದಾಟಿದೆಯಾ. ಹಿಮೋಗ್ಲೋಬಿನ್ 10.5ಕ್ಕಿಂತ ಕಮ್ಮಿ ಇದೆಯಾ. ಉರಿಯೂತದ ಇನ್ನೊಂದು ರಕ್ತಪರೀಕ್ಷೆ ಇಎಸ್‌ಆರ್ 30 ದಾಟಿದೆಯಾ. ನಾಲ್ಕೂ ಬೇಕಿಲ್ಲ, ಭೇದಿಯ ಜೊತೆ ಇವುಗಳಲ್ಲಿ ಒಂದಿದ್ದರೂ ಸಾಕು, ಅದು ತೀವ್ರ ಕೊಲೈಟಿಸ್. ಆಸ್ಪತ್ರೆಗೆ ಸೇರಬೇಕು. 1955ರಲ್ಲಿ ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ ಎಂಬ ವೈದ್ಯರು ಹಾಕಿಕೊಟ್ಟ ಅಳತೆ ಇದು. ಇವತ್ತಿಗೂ ವಾರ್ಡಿನಲ್ಲಿ ಇದನ್ನೇ ಹಿಡಿದು ನೋಡುತ್ತಾರೆ. ನಾಡಿ, ಜ್ವರ ಎರಡನ್ನೂ ಮನೆಯಲ್ಲೇ ನೋಡಬಹುದು, ಲ್ಯಾಬ್ ತೆರೆಯುವವರೆಗೆ ಕಾಯಬೇಕಿಲ್ಲ.

ಹೊಟ್ಟೆ ಉಬ್ಬಿ ಗಟ್ಟಿಯಾಗಿ, ಮುಟ್ಟಿದರೆ ನೋವಾಗಿ, ಭೇದಿ ತಟ್ಟನೆ ನಿಂತುಹೋದರೆ "ಅಬ್ಬಾ, ನಿಂತಿತು" ಅಂದುಕೊಳ್ಳಬೇಡಿ. ದೊಡ್ಡ ಕರುಳು ಹಿಗ್ಗಿ ಒಡೆಯುವ ಹಂತಕ್ಕೆ ಬಂದಿರಬಹುದು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟುವುದು ಕೂಡ ಹಾಗೇ. ಕಾಯಿಲೆ ಕೆರಳಿದಾಗ ರಕ್ತ ಹೆಪ್ಪುಗಟ್ಟುವ ಸಂಭವ ಜಾಸ್ತಿ. 108ಕ್ಕೆ ಫೋನ್ ಮಾಡಿ.

ರಕ್ತ, ಜ್ವರ ಇರುವ ಭೇದಿಗೆ ಮೆಡಿಕಲ್ ಶಾಪಿನಿಂದ ಭೇದಿ ಕಟ್ಟುವ ಲೋಪೆರಮೈಡ್ ಮಾತ್ರೆ ತಂದು ನುಂಗಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ನೋವಿನ ಮಾತ್ರೆಯೂ ಬೇಡ, ಅವು ಕರುಳನ್ನು ಇನ್ನೂ ಕೆಣಕಬಹುದು. ನಮ್ಮ ಕಡೆ ಮೈಕೈ ನೋವಿಗೆ ಇವನ್ನು ಚಾಕೊಲೇಟ್ ತರಹ ಕೊಡುತ್ತಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ನೋವಿಗೆ ಪ್ಯಾರಸಿಟಮಾಲ್ ಸಾಕಾಗುತ್ತದೆಯಾ ಅಂತ ಡಾಕ್ಟರನ್ನು ಕೇಳಿ.

"ರಕ್ತ ಹೋಗುತ್ತಿದೆ, ಪೈಲ್ಸ್ ಅಂತಾರೆ"

ಮೊದಲ ಪರೀಕ್ಷೆಗೆ ದುಡ್ಡು ಬೇಡ. ಒಂದು ನೋಟ್‌ಬುಕ್ ಸಾಕು. ದಿನಕ್ಕೆ ಎಷ್ಟು ಸಲ, ರಾತ್ರಿ ಎದ್ದದ್ದು ಎಷ್ಟು ಸಲ, ರಕ್ತ ಇತ್ತಾ, ಲೋಳೆ ಇತ್ತಾ, ವಾರಕ್ಕೊಮ್ಮೆ ತೂಕ. ಇಷ್ಟೇ.

ಪೈಲ್ಸ್‌ನಲ್ಲಿ ಸಾಮಾನ್ಯವಾಗಿ ಮೋಷನ್ ಗಟ್ಟಿಯಾಗಿರುತ್ತದೆ. ಕೆಂಪು ರಕ್ತ ಆಮೇಲೆ ತೊಟ್ಟಿಕ್ಕುತ್ತದೆ, ಮಲದ ಜೊತೆ ಬೆರೆತಿರುವುದಿಲ್ಲ. ಕೊಲೈಟಿಸ್‌ನಲ್ಲಿ ರಕ್ತವೂ ಲೋಳೆಯೂ ಮಲದಲ್ಲಿ ಕಲಸಿಕೊಂಡಿರುತ್ತವೆ. ಬಂತು ಅಂದರೆ ತಡೆಯಲು ಆಗುವುದಿಲ್ಲ, ಹೋಗಿ ಕೂತರೆ ಒಂದು ಚಮಚದಷ್ಟು ಮಾತ್ರ ಬರುತ್ತದೆ. ನಿದ್ದೆಯಿಂದ ಎಬ್ಬಿಸಿ ಓಡಿಸುವ ಭೇದಿ ಒಳಗೆ ಏನೋ ಇದೆ ಅನ್ನುವುದರ ದೊಡ್ಡ ಸುಳಿವು. ನನ್ನ ತಮ್ಮ ಈ ಮಾತನ್ನು ಮೊದಲ ದಿನವೇ ಹೇಳಿದ್ದ. ಯಾರೂ ಬರೆದುಕೊಳ್ಳಲಿಲ್ಲ, ನಾನೂ ಬರೆದುಕೊಳ್ಳಲಿಲ್ಲ.

ಮುಂದಿನದು ಕಮ್ಮಿ ಖರ್ಚಿನ ಎರಡು ಪರೀಕ್ಷೆ: ಸಿಬಿಸಿ (ರಕ್ತಕಣಗಳ ಎಣಿಕೆ) ಮತ್ತು ಮಲ ಪರೀಕ್ಷೆ. ಮಲ ಪರೀಕ್ಷೆ ಯಾಕೆ ಅಂದರೆ ಆಮಶಂಕೆ, ಬ್ಯಾಕ್ಟೀರಿಯಾ ಸೋಂಕು ಎರಡರಲ್ಲೂ ಇದೇ ತರಹ ರಕ್ತ, ಲೋಳೆ ಹೋಗುತ್ತದೆ. ಮೊದಲೇ ಕೊಲೈಟಿಸ್ ಇದ್ದವರಿಗೂ ಭೇದಿ ಜಾಸ್ತಿಯಾದರೆ ಸೋಂಕು ಸೇರಿಕೊಂಡಿದೆಯಾ ಅಂತ ನೋಡಲೇಬೇಕು. ಸಿಬಿಸಿಯಲ್ಲಿ ಹಿಮೋಗ್ಲೋಬಿನ್ ಇಳಿದು, ಪ್ಲೇಟ್ಲೆಟ್ 4.5 ಲಕ್ಷ ದಾಟಿದ್ದರೆ ಸುಮ್ಮನಿರಬೇಡಿ. ಡೆಂಗ್ಯೂ ಕಾಲದಲ್ಲಿ ಪ್ಲೇಟ್ಲೆಟ್ ಇಳಿದರೆ ಊರೆಲ್ಲ ಗಾಬರಿ ಬೀಳುತ್ತದೆ, ಏರಿದರೆ ಯಾರೂ ಕೇಳುವುದಿಲ್ಲ. ವಾರಗಟ್ಟಲೆ ಉರಿಯೂತ ಇದ್ದರೂ ಅದು ಏರುತ್ತದೆ, ಕಬ್ಬಿಣದ ಕೊರತೆ ಇದ್ದರೂ ಏರುತ್ತದೆ. ರಕ್ತ ಹೋಗುತ್ತಿರುವವರಿಗೆ ಎರಡೂ ಒಟ್ಟಿಗೆ ಇರಬಹುದು.

"ಸಿಆರ್‌ಪಿ ನಾರ್ಮಲ್, ಭೇದಿ ಮಾತ್ರ ನಿಂತಿಲ್ಲ"

ಮೊದಲು ಯೂನಿಟ್ ನೋಡಿ. ಒಂದು ಲ್ಯಾಬ್ ಮಿಲಿಗ್ರಾಂ ಪ್ರತಿ ಲೀಟರ್ ಅಂತ ಕೊಡುತ್ತದೆ, ಇನ್ನೊಂದು ಮಿಲಿಗ್ರಾಂ ಪ್ರತಿ ಡೆಸಿಲೀಟರ್ ಅಂತ. ಎರಡರ ನಡುವೆ ಹತ್ತು ಪಟ್ಟು ವ್ಯತ್ಯಾಸ. ಲೀಟರಿನಲ್ಲಿ 25 ಇದ್ದದ್ದು ಡೆಸಿಲೀಟರಿನಲ್ಲಿ 2.5 ಆಗುತ್ತದೆ. "ಹೋದ ತಿಂಗಳು 25 ಇತ್ತು, ಈಗ ಎರಡೂವರೆಗೆ ಇಳಿದಿದೆ" ಅಂತ ಒಬ್ಬ ತಾಯಿ ಸಂತೋಷದಿಂದ ನನ್ನ ಕೌಂಟರಿಗೆ ಬಂದಿದ್ದರು. ಏನೂ ಇಳಿದಿರಲಿಲ್ಲ, ಲ್ಯಾಬ್ ಬದಲಾಗಿತ್ತು ಅಷ್ಟೇ. ಅವರಿಗೆ ಅದನ್ನು ಹೇಳುವುದು ನನಗೆ ಕಷ್ಟವಾಯಿತು. ಆದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ. ಸಾಮಾನ್ಯವಾಗಿ ಲೀಟರಿಗೆ 5 ಮಿಲಿಗ್ರಾಂ ಒಳಗಿದ್ದರೆ ನಾರ್ಮಲ್ ಅನ್ನುತ್ತಾರೆ. ಕೆಲವು ಲ್ಯಾಬ್‌ಗಳ ಮಿತಿ ಬೇರೆ ಇರುತ್ತದೆ, ರಿಪೋರ್ಟಿನ ಪಕ್ಕದ ಸಾಲಿನಲ್ಲೇ ಬರೆದಿರುತ್ತಾರೆ. ಎಚ್‌ಎಸ್ ಸಿಆರ್‌ಪಿ ಅಂತ ಒಂದು ಬರುತ್ತದಲ್ಲ, ಅದನ್ನು ಹೃದಯದ ಅಪಾಯ ಅಳೆಯಲು ಮಾಡಿಸುತ್ತಾರೆ.

ಯೂನಿಟ್ ಸರಿ ಇದೆ, ನಿಜಕ್ಕೂ ಕಮ್ಮಿಯೇ ಇದೆ. ಹಾಗಾದರೆ?

ಸಿಆರ್‌ಪಿ ತಯಾರಾಗುವುದು ಲಿವರಿನಲ್ಲಿ, ಕರುಳಿನಲ್ಲಿ ಅಲ್ಲ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಇದನ್ನು ಕಂಡುಹಿಡಿದದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ದೇಹದಲ್ಲಿ ಎಲ್ಲೋ ಉರಿಯೂತ ಆದಾಗ ಅಲ್ಲಿಂದ ರಕ್ತದ ಮೂಲಕ ಲಿವರಿಗೆ ಸುದ್ದಿ ಮುಟ್ಟಬೇಕು. ಆಗ ಲಿವರ್ ಸಿಆರ್‌ಪಿ ಮಾಡಿ ಬಿಡುತ್ತದೆ. ಕ್ರೋನ್ಸ್ ಗೋಡೆಯ ಆಳಕ್ಕೆ ಇಳಿಯುವುದರಿಂದ ಸುದ್ದಿ ಜೋರಾಗಿ ಮುಟ್ಟುತ್ತದೆ. ಕೊಲೈಟಿಸ್ ಒಳಪದರದಲ್ಲೇ ಇರುತ್ತದೆ, ಅದರಲ್ಲೂ ಗುದದ ಹತ್ತಿರದ ಸ್ವಲ್ಪ ಭಾಗಕ್ಕೆ ಮಾತ್ರ ಇದ್ದರೆ ಸುದ್ದಿ ಮುಟ್ಟದೇ ಇರಬಹುದು. ಕೆಲವರ ಮೈಗುಣವೇ ಹಾಗೆ, ಕಾಯಿಲೆ ಚೆನ್ನಾಗಿ ಕೆರಳಿದ್ದರೂ ಸಿಆರ್‌ಪಿ ಏರುವುದಿಲ್ಲ. ನನ್ನ ತಮ್ಮ ಆ ಗುಂಪಿನವನು. ಅವನ ಮಟ್ಟಿಗೆ 3 ಅನ್ನುವ ಸಂಖ್ಯೆ ಯಾವತ್ತೂ "ಏನಿಲ್ಲ" ಅಂತ ಹೇಳಿರಲೇ ಇಲ್ಲ. ನಾವು ಹಾಗೆ ಓದಿಕೊಂಡೆವು.

ಹಾಗಾಗಿ ನೋಟ್‌ಬುಕ್ ಒಂದು ಹೇಳಿ ಸಿಆರ್‌ಪಿ ಇನ್ನೊಂದು ಹೇಳಿದರೆ ನೋಟ್‌ಬುಕ್ಕನ್ನು ನಂಬಿ ಮುಂದಕ್ಕೆ ಹೋಗಿ. ಮುಂದಿನ ಮೆಟ್ಟಿಲು ರಕ್ತದಲ್ಲಿಲ್ಲ, ಮಲದಲ್ಲಿದೆ. ಅದರ ಹೆಸರು ಫೀಕಲ್ ಕ್ಯಾಲ್‌ಪ್ರೊಟೆಕ್ಟಿನ್. ಕರುಳಿಗೆ ನುಗ್ಗಿದ ಬಿಳಿ ರಕ್ತಕಣಗಳಿಂದ ಬರುವ ಪ್ರೋಟೀನ್ ಇದು. ಕರುಳಿನ ಸುದ್ದಿ ಕರುಳಿನಿಂದಲೇ ಸಿಕ್ಕ ಹಾಗೆ. ಒಂದು ಗ್ರಾಂ ಮಲದಲ್ಲಿ 50 ಮೈಕ್ರೋಗ್ರಾಂ ಒಳಗಿದ್ದರೆ ಉರಿಯೂತದ ಸಂಭವ ಕಮ್ಮಿ. 250 ದಾಟಿದರೆ ಒಳಗೆ ಉರಿಯುತ್ತಿದೆ ಅಂತ ಬಲವಾದ ಅನುಮಾನ. ನಡುವಿನದು ಅನುಮಾನದ ಜಾಗ, ಕೆಲವು ವಾರ ಬಿಟ್ಟು ಮತ್ತೆ ಮಾಡಿಸಬೇಕಾಗುತ್ತದೆ. ತಮ್ಮನದು 900 ದಾಟಿತ್ತು.

ಈ ಪರೀಕ್ಷೆ ಸಿಬಿಸಿಗಿಂತ ದುಬಾರಿ. ತಾಲ್ಲೂಕಿನ ಲ್ಯಾಬ್‌ಗಳು ಸ್ಯಾಂಪಲ್ಲನ್ನು ಸಾಮಾನ್ಯವಾಗಿ ಬೆಂಗಳೂರಿಗೆ ಕಳಿಸುತ್ತವೆ. ದುಡ್ಡು ದಂಡ ಆಗಬಾರದು ಅಂದರೆ ಬೆಳಿಗ್ಗೆಯ ಮೊದಲ ಮೋಷನ್ ಕೊಡಿ, ಮೂತ್ರ ಸೇರದಂತೆ ನೋಡಿಕೊಳ್ಳಿ, ಬಿಸಿಲಿನಲ್ಲಿ ಇಡಬೇಡಿ, ಅವತ್ತೇ ತಲುಪಿಸಿ. ನೋವಿನ ಮಾತ್ರೆಯೂ, ದಿನಾ ನುಂಗುವ ಗ್ಯಾಸ್ಟ್ರಿಕ್ ಮಾತ್ರೆಯೂ ಇದನ್ನು ಏರಿಸಬಹುದು. ಏನು ತೆಗೆದುಕೊಳ್ಳುತ್ತಿದ್ದೀರಿ ಅಂತ ಮೊದಲೇ ಹೇಳಿ. ಕರುಳಿನ ಸೋಂಕಿನಲ್ಲೂ ಇದು ಏರುತ್ತದೆ.

ಕೊನೆಯದು ಕೊಲೊನೋಸ್ಕೋಪಿ. ಗುದದ ಮೂಲಕ ಕ್ಯಾಮೆರಾ ಇರುವ ಕೊಳವೆ ಬಿಟ್ಟು ದೊಡ್ಡ ಕರುಳನ್ನು ಕಣ್ಣಾರೆ ನೋಡಿ, ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕಾಯಿಲೆಯ ಹೆಸರು ಖಚಿತವಾಗುವುದು ಇಲ್ಲೇ. ಯಾವ ರಕ್ತಪರೀಕ್ಷೆಯೂ ಒಂದೇ ಕೈಯಲ್ಲಿ "ಇದು ಕ್ರೋನ್ಸ್", "ಇದು ಕೊಲೈಟಿಸ್" ಅಂತ ಹೇಳಲಾರದು. ಸ್ಕೋಪಿ ಅಂದರೆ ಭಯಪಟ್ಟು ತಿಂಗಳುಗಟ್ಟಲೆ ಬರೀ ರಕ್ತ ಕೊಡುತ್ತಾ ಇರುವವರನ್ನು ನಾನು ಜಾಸ್ತಿ ನೋಡುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ.

"ಹೊಟ್ಟೆ ಚೆನ್ನಾಗಿದೆ, ಸಿಆರ್‌ಪಿ ಮಾತ್ರ ಏರಿದೆ"

ನೆಗಡಿ, ಜ್ವರ, ಹಲ್ಲಿನ ಕೀವು, ಕಾಲಿನ ಗಾಯ, ಚಿಕುನ್‌ಗುನ್ಯಾ, ಯಾವುದರಿಂದಲೂ ಏರಬಹುದು. ಮೈತೂಕ ಜಾಸ್ತಿ ಇದ್ದವರಲ್ಲಿ ಹೆಚ್ಚಾಗಿ ಸ್ವಲ್ಪ ಮೇಲೇ ಇರುತ್ತದೆ. ಕಳೆದ ಹದಿನೈದು ದಿನದಲ್ಲಿ ಏನಾಗಿತ್ತು ಅಂತ ನೆನಪು ಮಾಡಿಕೊಳ್ಳಿ. ಕಾರಣ ಹೋದ ಮೇಲೆ ಸಿಆರ್‌ಪಿ ಬೇಗ ಇಳಿಯುತ್ತದೆ, ರಕ್ತದಲ್ಲಿ ಅದು ಅರ್ಧವಾಗಲು ಸುಮಾರು 19 ಗಂಟೆ ಸಾಕು. ಒಂದೆರಡು ವಾರ ಬಿಟ್ಟು ಮತ್ತೆ ಮಾಡಿಸಿದರೆ ಗೊತ್ತಾಗುತ್ತದೆ. ಕ್ರೋನ್ಸ್ ಇರುವವರಿಗೆ ಜ್ವರದ ಜೊತೆ ಏರಿದ್ದರೆ ಮಾತ್ರ ಕಾಯಬೇಡಿ, ಒಳಗೆ ಕೀವು ಕಟ್ಟಿರಬಹುದು.

"ಸಿಆರ್‌ಪಿ ಇಳಿದಿದೆ, ಇಎಸ್‌ಆರ್ ಇನ್ನೂ ಇಳಿದಿಲ್ಲ"

ಇಎಸ್‌ಆರ್ ನೋಡುವುದು ಹೇಗೆ ಗೊತ್ತಾ? ಹಳೆಯ ವಿಧಾನದಲ್ಲಿ ತೆಳ್ಳನೆಯ ಉದ್ದನೆಯ ಗಾಜಿನ ಕೊಳವೆಗೆ ರಕ್ತ ಏರಿಸಿ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸುತ್ತೇವೆ. ಒಂದು ಗಂಟೆ ಮುಟ್ಟುವ ಹಾಗಿಲ್ಲ. ಕೆಂಪು ಕಣಗಳು ನಿಧಾನಕ್ಕೆ ಕೆಳಗೆ ಕೂರುತ್ತವೆ, ಮೇಲೆ ಒಣಹುಲ್ಲಿನ ಬಣ್ಣದ ತಿಳಿ ನಿಲ್ಲುತ್ತದೆ. ಎಷ್ಟು ಮಿಲಿಮೀಟರ್ ಇಳಿಯಿತೋ ಅದೇ ಇಎಸ್‌ಆರ್. ಉರಿಯೂತ ಇದ್ದಾಗ ರಕ್ತದಲ್ಲಿ ಫೈಬ್ರಿನೋಜೆನ್ ಎಂಬ ಪ್ರೋಟೀನ್ ಜಾಸ್ತಿಯಾಗುತ್ತದೆ. ಆಗ ಕೆಂಪು ಕಣಗಳು ನಾಣ್ಯ ಜೋಡಿಸಿಟ್ಟ ಹಾಗೆ ಒಂದಕ್ಕೊಂದು ಅಂಟಿಕೊಂಡು, ಭಾರವಾಗಿ, ಬೇಗ ಇಳಿಯುತ್ತವೆ. ಕೊಳವೆ ಸ್ವಲ್ಪ ವಾಲಿದರೂ ಸಂಖ್ಯೆ ತಪ್ಪು ಬರುತ್ತದೆ. ನಾನು ಕೆಲಸ ಕಲಿಯುವಾಗ ಮೇಜು ಅಲುಗಾಡಿಸಿ ಬೈಸಿಕೊಂಡಿದ್ದೇನೆ.

ಸಿಆರ್‌ಪಿ ಉರಿ ಇದ್ದ ಹಾಗೆ, ಇಎಸ್‌ಆರ್ ಕೆಂಡ ಇದ್ದ ಹಾಗೆ. ಉರಿ ಆರಿದ ಮೇಲೂ ಕೆಂಡ ಬಿಸಿ ಇರುತ್ತದೆ, ವಾರಗಳೇ ಬೇಕು. ರಕ್ತ ಕಮ್ಮಿ ಇದ್ದರೂ ಇಎಸ್‌ಆರ್ ಏರುತ್ತದೆ, ವಯಸ್ಸಾದರೂ ಏರುತ್ತದೆ, ಬಸುರಿಯರಲ್ಲೂ ಏರುತ್ತದೆ. ಔಷಧಿ ಕೆಲಸ ಮಾಡುತ್ತಿದೆಯಾ ಅಂತ ಬೇಗ ನೋಡಲು ಇದನ್ನು ನೆಚ್ಚಬೇಡಿ. ಆಸ್ಪತ್ರೆಯಲ್ಲಿ ತೀವ್ರ ಕೊಲೈಟಿಸ್‌ಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟು ಮೂರನೇ ದಿನ ಡಾಕ್ಟರ್ ಸಿಆರ್‌ಪಿ ಕೇಳುವುದು ಇದಕ್ಕೇ. ಮೂರನೇ ದಿನವೂ ಎಂಟಕ್ಕಿಂತ ಜಾಸ್ತಿ ಸಲ ಭೇದಿ ಇದ್ದರೆ, ಅಥವಾ ಮೂರರಿಂದ ಎಂಟು ಸಲ ಭೇದಿ ಇದ್ದು ಸಿಆರ್‌ಪಿ ಲೀಟರಿಗೆ 45 ಮಿಲಿಗ್ರಾಂ ದಾಟಿದ್ದರೆ, ಸ್ಟಿರಾಯ್ಡ್ ಸಾಕಾಗುವುದಿಲ್ಲ ಅನ್ನುವ ಸೂಚನೆ. ಮುಂದಿನ ಔಷಧಿಯ ಮಾತು, ಕೆಲವೊಮ್ಮೆ ಆಪರೇಷನ್ ಮಾತು ಅವತ್ತೇ ಬರುತ್ತದೆ. ಮನೆಯವರು "ಇನ್ನೂ ನಾಲ್ಕು ದಿನ ನೋಡೋಣ" ಅಂತ ಎಳೆಯಬಾರದು.

"ಭೇದಿ ನಿಂತಿದೆ, ಸುಸ್ತು ಹೋಗಿಲ್ಲ"

ಹಿಮೋಗ್ಲೋಬಿನ್ ಗಂಡಸರಿಗೆ 13, ಹೆಂಗಸರಿಗೆ 12ರ ಕೆಳಗೆ ಇದ್ದರೆ ರಕ್ತಹೀನತೆ. ಅದರ ಜೊತೆ ಎಂಸಿವಿ, ಅಂದರೆ ಕೆಂಪು ಕಣದ ಗಾತ್ರ, ನೋಡಿ. ಅದು 80ರ ಕೆಳಗೆ ಇಳಿದಿದ್ದರೆ ಕಬ್ಬಿಣದ ಕೊರತೆಯ ಅನುಮಾನ. ಆಮೇಲೆ ಫೆರಿಟಿನ್.

ಫೆರಿಟಿನ್ ಓದುವಾಗ ಎಚ್ಚರ ಬೇಕು, ಇಲ್ಲಿ ಬಹಳ ಜನ ಎಡವುತ್ತಾರೆ. ಫೆರಿಟಿನ್ ಕಬ್ಬಿಣದ ಉಗ್ರಾಣದ ಲೆಕ್ಕ. ಆದರೆ ಉರಿಯೂತ ಇದ್ದಾಗ ಉಗ್ರಾಣ ಖಾಲಿ ಇದ್ದರೂ ಲೆಕ್ಕ ಮಾತ್ರ ಏರುತ್ತದೆ. ಉರಿಯೂತ ಇಲ್ಲದಿದ್ದರೆ 30ರ ಕೆಳಗೆ ಇದ್ದಾಗ ಕೊರತೆ. ಉರಿಯೂತ ಇದ್ದರೆ 100ರವರೆಗೂ ಕೊರತೆ ಇರಬಹುದು. ರಿಪೋರ್ಟಿನಲ್ಲಿ 60 ಅಂತ ಬಂದು, ಪಕ್ಕದಲ್ಲಿ ನಾರ್ಮಲ್ ಅಂತ ಇದ್ದರೂ, ಸಿಆರ್‌ಪಿ ಏರಿದ್ದರೆ ಆ ನಾರ್ಮಲ್ ನಂಬಬೇಡಿ. ಕಬ್ಬಿಣದ ಇನ್ನೊಂದು ಪರೀಕ್ಷೆಯಾದ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಕೂಡ ನೋಡಲು ಕೇಳಿ.

"ರಾಗಿ ಮುದ್ದೆ ತಿಂದರೆ ರಕ್ತ ತಾನೇ ಬರುತ್ತೆ" ಅಂತ ನಮ್ಮಮ್ಮ ಹೇಳುತ್ತಿದ್ದರು. ರಾಗಿಯ ದೊಡ್ಡ ಬಲ ಕ್ಯಾಲ್ಸಿಯಂ. ಅದರಲ್ಲಿ ಕಬ್ಬಿಣವೂ ಇದೆ, ಆದರೆ ಎಲ್ಲವೂ ಮೈಗೆ ಹತ್ತುವುದಿಲ್ಲ. ಊಟದ ಬೆನ್ನಿಗೇ ಟೀ ಕುಡಿದರೆ ಇನ್ನೂ ಕಮ್ಮಿ. ಬಸ್ಸಾರು, ಸೊಪ್ಪು, ಮುದ್ದೆ ಒಗ್ಗಿದರೆ ತಿನ್ನಲಿ, ಖುಷಿಯಿಂದ ತಿನ್ನಲಿ. ಆದರೆ 9ಕ್ಕೆ ಇಳಿದ ಹಿಮೋಗ್ಲೋಬಿನ್ನನ್ನು ಮುದ್ದೆ ಎತ್ತಲಾರದು. 10ರ ಕೆಳಗೆ ಇದ್ದರೆ, ಅಥವಾ ಕಾಯಿಲೆ ಕೆರಳಿದ್ದರೆ, ಕಬ್ಬಿಣವನ್ನು ಡ್ರಿಪ್ ಮೂಲಕ ಕೊಡುವುದೇ ರೂಢಿ. ಕಬ್ಬಿಣದ ಮಾತ್ರೆ ನುಂಗಿದರೆ ಮೋಷನ್ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಡಿ. ಮಾತ್ರೆ ನುಂಗದೆಯೇ ಟಾರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋದರೆ ಅದು ಜೀರ್ಣಾಂಗದ ಮೇಲಿನ ಭಾಗದ ರಕ್ತಸ್ರಾವ ಇರಬಹುದು. ತಕ್ಷಣ ಹೋಗಬೇಕು.

ಪಾದದಲ್ಲಿ ಜೋಮು, ಉರಿ ಇದ್ದರೆ ಬಿ12 ನೋಡಿಸಿ. ಸಣ್ಣ ಕರುಳಿನ ಕೊನೆಯ ಭಾಗ ಅದನ್ನು ಹೀರಿಕೊಳ್ಳುತ್ತದೆ, ಕ್ರೋನ್ಸ್ ಹೆಚ್ಚಾಗಿ ಕೂರುವುದೂ ಅಲ್ಲೇ. ಈ ಕಾಯಿಲೆಗೆ ಸಲ್ಫಾಸಲಜೀನ್ ಮಾತ್ರೆ ತೆಗೆದುಕೊಳ್ಳುವವರಿಗೆ ಫೋಲಿಕ್ ಆಸಿಡ್ ಕಮ್ಮಿಯಾಗಬಹುದು.

"ಸಣ್ಣಗಾಗುತ್ತಿದ್ದೇನೆ, ಪಾದ ಊದಿದೆ, ಸಂಜೆ ಮೈ ಬಿಸಿ"

ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ನೋಡಿಸಿ. 3.5ರ ಕೆಳಗೆ ಇದ್ದರೆ ಕಾಯಿಲೆ ಜೋರಾಗಿದೆ, ಅಥವಾ ಬಹಳ ದಿನದಿಂದ ಇದೆ ಅಂತ ಅನುಮಾನ. ಊಟ ಮೈಗೆ ಹತ್ತದೆ ಇರುವುದೂ, ಕರುಳಿನಿಂದ ಪ್ರೋಟೀನ್ ಸೋರುವುದೂ ಸೇರಿಕೊಂಡಿರುತ್ತದೆ.

ಆದರೆ ನಮ್ಮ ಕಡೆ ಈ ಲಕ್ಷಣಕ್ಕೆ ಇನ್ನೊಂದು ಕಾರಣವನ್ನು ಮರೆಯುವ ಹಾಗಿಲ್ಲ: ಕರುಳಿನ ಟಿಬಿ. ಅದು ಕೂರುವ ಜಾಗವೂ ಹೆಚ್ಚಾಗಿ ಸಣ್ಣ ಕರುಳಿನ ಕೊನೆ. ಜ್ವರ, ನೋವು, ತೂಕ ಇಳಿಯುವುದು ಎಲ್ಲ ಕ್ರೋನ್ಸ್ ತರಹವೇ. ಸಿಆರ್‌ಪಿ, ಇಎಸ್‌ಆರ್, ಹಿಮೋಗ್ಲೋಬಿನ್ ಎರಡರಲ್ಲೂ ಒಂದೇ ತರಹ ಬದಲಾಗುತ್ತವೆ, ರಕ್ತ ನೋಡಿ ಬೇರೆ ಮಾಡಲು ಆಗುವುದಿಲ್ಲ. ಟಿಬಿಗೆ ಸ್ಟಿರಾಯ್ಡ್ ಮಾತ್ರ ಕೊಟ್ಟರೆ ಟಿಬಿ ಹರಡುತ್ತದೆ. ಕ್ರೋನ್ಸ್‌ಗೆ ಟಿಬಿ ಮಾತ್ರೆ ಕೊಟ್ಟರೆ ತಿಂಗಳುಗಳು ಹಾಳಾಗುತ್ತವೆ. ಅದಕ್ಕೇ ಬಯಾಪ್ಸಿ, ಎದೆಯ ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಸೇರಿಸಿ ನೋಡುತ್ತಾರೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಬಯಾಲಜಿಕಲ್ ಇಂಜೆಕ್ಷನ್ ಶುರು ಮಾಡುವ ಮೊದಲು ಟಿಬಿ, ಹೆಪಟೈಟಿಸ್ ಬಿ ಪರೀಕ್ಷೆ ಕೇಳಿದರೆ "ಸುಮ್ನೆ ಖರ್ಚು" ಅನ್ನಬೇಡಿ. ಒಳಗೆ ಮಲಗಿರುವ ಸೋಂಕನ್ನು ಆ ಔಷಧಿ ಎಬ್ಬಿಸಬಹುದು.

"ಮಾತ್ರೆ ಶುರುವಾದ ಮೇಲೆ ಕೌಂಟ್ ಬದಲಾಗಿದೆ"

ಸ್ಟಿರಾಯ್ಡ್ ತೆಗೆದುಕೊಳ್ಳುವಾಗ ಬಿಳಿ ರಕ್ತಕಣ ಏರುವುದು ಸಾಮಾನ್ಯ. ಜ್ವರ ಇಲ್ಲದೆ ಅದೊಂದೇ ಏರಿದ್ದರೆ ಗಾಬರಿ ಬೇಡ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೊಪ್ರಿನ್ ಮಾತ್ರೆ ತೆಗೆದುಕೊಳ್ಳುವವರದ್ದು ತದ್ವಿರುದ್ಧ, ಬಿಳಿ ರಕ್ತಕಣ ಇಳಿಯುತ್ತದೆಯಾ ಅಂತ ಗಮನಿಸುತ್ತಿರಬೇಕು. ಮೊದಲ ಎರಡು ತಿಂಗಳು ವಾರಕ್ಕೋ ಹದಿನೈದು ದಿನಕ್ಕೋ ಸಿಬಿಸಿ, ಆಮೇಲೆ ಮೂರು ತಿಂಗಳಿಗೊಮ್ಮೆ. 4000ದ ಕೆಳಗೆ ಇಳಿದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಗಂಟಲು ನೋವು, ಜ್ವರ, ಬಾಯಲ್ಲಿ ಹುಣ್ಣು ಬಂದರೆ ರಕ್ತ ಕೊಡುವ ದಿನಕ್ಕೆ ಕಾಯಬೇಡಿ. ಮಾತ್ರೆ ಶುರುವಾದ ಕೆಲವೇ ವಾರದಲ್ಲಿ ಕೂದಲು ಗೊಂಚಲು ಗೊಂಚಲಾಗಿ ಉದುರಿದರೂ ಹೇಳಿ. ಎನ್‌ಯುಡಿಟಿ15 ಎಂಬ ಜೀನಿನ ವ್ಯತ್ಯಾಸ ಇರುವವರಿಗೆ ಈ ಔಷಧಿ ಆಗಿಬರುವುದಿಲ್ಲ, ಭಾರತೀಯರಲ್ಲೂ ಅಂಥವರು ಇದ್ದಾರೆ. ಕೊಲೈಟಿಸ್‌ಗೆ ಮೆಸಲಮೈನ್ ಮಾತ್ರೆ ತೆಗೆದುಕೊಳ್ಳುವವರು ಆಗಾಗ ಕ್ರಿಯಾಟಿನಿನ್ ನೋಡಿಸಿ, ಅಪರೂಪಕ್ಕೆ ಕಿಡ್ನಿಗೆ ತೊಂದರೆ ಆಗುತ್ತದೆ. ಎಲ್‌ಎಫ್‌ಟಿ, ಅಂದರೆ ಲಿವರ್ ಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಒಂದೇ ಏರುತ್ತಾ ಹೋದರೆ ಪಿತ್ತನಾಳದ ತೊಂದರೆ ಇದೆಯಾ ಅಂತ ಕೇಳಿ.

ಡಾಕ್ಟರ ಹತ್ತಿರ ಹೋಗುವಾಗ

ರಿಪೋರ್ಟ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ಒಂದೇ ಹಾಳೆಯಲ್ಲಿ ಗೆರೆ ಎಳೆದು ತಾರೀಖು, ಹಿಮೋಗ್ಲೋಬಿನ್, ಪ್ಲೇಟ್ಲೆಟ್, ಸಿಆರ್‌ಪಿ, ಆಲ್ಬುಮಿನ್, ಕೊನೆಯ ಸಾಲಿನಲ್ಲಿ ಆ ವಾರ ದಿನಕ್ಕೆ ಎಷ್ಟು ಸಲ ಮೋಷನ್ ಅಂತ ಬರೆಯಿರಿ. ತಮ್ಮನ ಹಾಳೆಯನ್ನು ಡಾಕ್ಟರ್ ಒಂದೂ ಮಾತಾಡದೆ ಓದಿದರು. ಬೆರಳು ಮೊದಲು ನಿಂತದ್ದು ಕೊನೆಯ ಸಾಲಿನ ಮೇಲೆ. ಸಿಆರ್‌ಪಿ ಉದ್ದಕ್ಕೂ 3, 4, 3. ಮೋಷನ್ 5, 8, 11. "ಇದನ್ನು ಯಾರು ಬರೆದದ್ದು?" ಅಂತ ಕೇಳಿದರು.

ಕೋಲಾರದಿಂದ ಬೆಂಗಳೂರಿಗೆ ಹೋಗುವವರಿಗೆ ಇನ್ನೊಂದು ಮಾತು. ಭೇದಿ ಇರುವಾಗ ಬಸ್ಸಿನ ದಾರಿ ನರಕ. ತಮ್ಮ ಹಿಂದಿನ ದಿನದಿಂದಲೇ ಉಪವಾಸ ಇದ್ದು ಬರುತ್ತಿದ್ದ, ಬಂದು ತಲೆಸುತ್ತಿ ಬೀಳುತ್ತಿದ್ದ. ಬಂಗಾರಪೇಟೆಗೆ ಹೋಗಿ ಎಕ್ಸ್‌ಪ್ರೆಸ್ ರೈಲು ಹಿಡಿದರೆ ಶೌಚಾಲಯ ಇರುತ್ತದೆ. ಒಂದು ಜೊತೆ ಬಟ್ಟೆ, ನೀರು, ಓಆರ್‌ಎಸ್ ಪ್ಯಾಕೆಟ್ ಚೀಲದಲ್ಲಿರಲಿ. ಈಗ ನಾವು ಹಾಗೇ ಹೋಗಿ ಬರುತ್ತೇವೆ, ಮೂರು ತಿಂಗಳಿಗೊಮ್ಮೆ. ಹೋದ ಸಲದ ಹಾಳೆಯ ಕೊನೆಯ ಸಾಲಿನಲ್ಲಿ ತಮ್ಮ ತಾನೇ ಬರೆದಿದ್ದ: ದಿನಕ್ಕೆ 1, ರಾತ್ರಿ ಎದ್ದಿಲ್ಲ.